ಕಾಫಿ ಕಣದಲ್ಲಿ ಕಲಿತ ಮುಂದಾಳತ್ವ

2019ರ ಆಗಸ್ಟ್ ತಿಂಗಳ ಮೊದಲ ವಾರ. ಮೂಡಿಗೆರೆಯಲ್ಲಿ ಜಡಿಮಳೆ. ಶಾಲೆಯ ಹಂಚಿನ ಮಾಡಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ನನ್ನ ಪಾಠ ಮುಂದಿನ ಬೆಂಚಿನವರಿಗೆ ಕೇಳಿಸಿದರೆ ಹೆಚ್ಚು. ಗಂಟೆ ಹೊಡೆದ ಮೇಲೆ ಒಂಬತ್ತನೇ ತರಗತಿಯ ಹುಡುಗನೊಬ್ಬ ಮೇಜಿನ ಬಳಿ ಬಂದು ಸುಮ್ಮನೆ ನಿಂತ. ‘ಏನಪ್ಪಾ?’ ಎಂದೆ. ಅವನು ತಲೆ ತಗ್ಗಿಸಿಕೊಂಡೇ ಕೇಳಿದ: ‘ಸಾರ್, ಅಷ್ಟು ದೊಡ್ಡೋರಿಗೇ ಸಾಲ ತೀರಿಸೋಕೆ ಆಗ್ಲಿಲ್ಲ ಅಂದ್ರೆ ನಮ್ಮಪ್ಪ ಏನು ಮಾಡ್ತಾರೆ?’

ಯಾರ ವಿಷಯ ಎಂದು ನಾನು ಕೇಳಬೇಕಾಗಿರಲಿಲ್ಲ. ಹಿಂದಿನ ವಾರವಷ್ಟೇ, ಜುಲೈ 29ರ ಸಂಜೆ, ಕೆಫೆ ಕಾಫಿ ಡೇ ಸಂಸ್ಥಾಪಕ ವಿ.ಜಿ. ಸಿದ್ಧಾರ್ಥ ಅವರು ಮಂಗಳೂರಿನ ಹತ್ತಿರ ನೇತ್ರಾವತಿ ಸೇತುವೆಯ ಬಳಿ ಕಣ್ಮರೆಯಾಗಿದ್ದರು. 31ರಂದು ಅವರ ದೇಹ ದೊರೆಯಿತು. ಅದೇ ದಿನ ಚಿಕ್ಕಮಗಳೂರು ಜಿಲ್ಲೆಯ ಅವರ ತೋಟದಲ್ಲಿ ಅಂತ್ಯಕ್ರಿಯೆಯೂ ನಡೆಯಿತು. ಕಾಫಿ ಸೀಮೆಯ ಮನೆಮನೆಯಲ್ಲೂ ಅದೇ ಮಾತು. ದೊಡ್ಡವರು ಆಡಿದ ಮಾತನ್ನು ಮಕ್ಕಳು ಕೇಳಿಸಿಕೊಂಡಿದ್ದರು.

ಆ ದಿನ ನಾನು ಹುಡುಗನ ಬೆನ್ನು ತಟ್ಟಿ, ‘ಹಾಗೆಲ್ಲ ಯೋಚನೆ ಮಾಡಬೇಡ’ ಎಂದು ಕಳಿಸಿಬಿಟ್ಟೆ. ಅದು ಉತ್ತರವಲ್ಲ ಎಂದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಉದ್ಯಮ ಎಂದರೇನು, ಅದನ್ನು ನಡೆಸುವವನಿಗೆ ಏನೇನು ತಿಳಿದಿರಬೇಕು ಎಂದು ನಮ್ಮ ಪಠ್ಯಪುಸ್ತಕಗಳು ಹೇಳುವುದು ಕಡಿಮೆ. ಆದರೆ ನಮ್ಮ ಮಲೆನಾಡಿನ ಮಕ್ಕಳಲ್ಲಿ ಬಹಳಷ್ಟು ಮಂದಿ ಉದ್ಯಮಿಗಳ ಮಕ್ಕಳೇ. ಮೂರು ಎಕರೆ ಕಾಫಿ ತೋಟವೂ ಒಂದು ಉದ್ಯಮವೇ ಅಲ್ಲವೇ? ಅಂದು ಕೊಡಲಾಗದ ಉತ್ತರವನ್ನು ಇಂದು ಇಲ್ಲಿ ಬರೆಯುತ್ತಿದ್ದೇನೆ.

ಬಾಗಿಲು ತೆರೆಯುವ ಮೊದಲೇ ಸಿದ್ಧತೆ

ಸಿದ್ಧಾರ್ಥ ಅವರ ಸಾವನ್ನು ಮಾತ್ರ ನೆನಪಿಟ್ಟುಕೊಂಡರೆ ಅನ್ಯಾಯವಾಗುತ್ತದೆ. ಅವರ ಬದುಕಿನಿಂದ ಕಲಿಯಬೇಕಾದದ್ದು ಬಹಳವಿದೆ. 1959ರಲ್ಲಿ ಕಾಫಿ ಬೆಳೆಗಾರರ ಮನೆತನದಲ್ಲಿ ಹುಟ್ಟಿದವರು ಅವರು. ಮಂಗಳೂರಿನ ಸೇಂಟ್ ಅಲೋಶಿಯಸ್ ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದಿದರು. ಮನೆಯಲ್ಲಿ ತೋಟವಿತ್ತು, ಬಂದು ಕುಳಿತಿದ್ದರೆ ಊಟಕ್ಕೆ ಕೊರತೆಯಿರಲಿಲ್ಲ. ಆದರೆ ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ಮುಂಬೈಗೆ ಹೋಗಿ, ಜೆ.ಎಂ. ಫೈನಾನ್ಷಿಯಲ್ ಸಂಸ್ಥೆಯಲ್ಲಿ ತರಬೇತಿಗೆ ಸೇರಿ, ಷೇರು ವ್ಯವಹಾರವನ್ನು ಕೆಳಗಿನ ಮೆಟ್ಟಿಲಿನಿಂದ ಕಲಿತರು. ಬೆಂಗಳೂರಿಗೆ ಮರಳಿ ಸ್ವಂತ ಷೇರು ವ್ಯವಹಾರ ಆರಂಭಿಸಿದರು.

ಆಗ ಕಾಫಿಯ ಪರಿಸ್ಥಿತಿ ಹೇಗಿತ್ತು? ಇಂದಿನ ವಿದ್ಯಾರ್ಥಿಗಳಿಗೆ ನಂಬುವುದೂ ಕಷ್ಟ. 1942ರ ಕಾಫಿ ಕಾಯ್ದೆಯಂತೆ ಬೆಳೆಗಾರ ತಾನು ಬೆಳೆದ ಕಾಫಿಯನ್ನು ತಾನೇ ಮಾರುವಂತಿರಲಿಲ್ಲ. ಎಲ್ಲವನ್ನೂ ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಬೇಕು. ಮಂಡಳಿ ಹರಾಜು ಹಾಕಿ ಹಣವನ್ನು ಕಂತು ಕಂತಾಗಿ ಕೊಡುತ್ತಿತ್ತು. 1992ರಿಂದ ಈ ಕಟ್ಟು ಸಡಿಲವಾಗತೊಡಗಿ, 1996ರ ವೇಳೆಗೆ ಪೂಲ್ ಪದ್ಧತಿ ಪೂರ್ತಿ ಕೊನೆಗೊಂಡಿತು. ಬಹಳಷ್ಟು ಬೆಳೆಗಾರರು ‘ಇನ್ನು ನಮ್ಮ ಗತಿಯೇನು?’ ಎಂದು ಹೆದರಿದ್ದರು. ಸಿದ್ಧಾರ್ಥ ಅವರು 1993ರಲ್ಲೇ ಅಮಾಲ್ಗಮೇಟೆಡ್ ಬೀನ್ ಕಾಫಿ ಟ್ರೇಡಿಂಗ್ ಕಂಪನಿ ಕಟ್ಟಿ ಕಾಫಿ ವ್ಯಾಪಾರಕ್ಕೆ, ರಫ್ತಿಗೆ ಇಳಿದಿದ್ದರು.

ಇದನ್ನು ಅದೃಷ್ಟ ಎನ್ನುವವರಿದ್ದಾರೆ. ಬಾಗಿಲು ತೆರೆದದ್ದು ಎಲ್ಲರಿಗೂ. ಹೊರಗೆ ಕಾಲಿಡಲು ಸಿದ್ಧರಿದ್ದವರು ಕೆಲವರು ಮಾತ್ರ. ಆ ಸಿದ್ಧತೆ ಬಂದದ್ದು ಮುಂಬೈಯಲ್ಲಿ ಇನ್ನೊಬ್ಬರ ಕೈಕೆಳಗೆ ದುಡಿದ ದಿನಗಳಲ್ಲಿ. ನಾಳೆ ಯಜಮಾನನಾಗಬೇಕೆಂದಿರುವವನು ಇಂದು ಒಳ್ಳೆಯ ಶಿಷ್ಯನಾಗಿರಬೇಕು. ಇದು ಮೊದಲ ಪಾಠ.

ಮೂಟೆಯಿಂದ ಕಪ್ಪಿಗೆ

1996ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆಯಿತು. ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್‌ನೆಟ್ ಸೌಲಭ್ಯ ಬಂದದ್ದು 1995ರ ಆಗಸ್ಟಿನಲ್ಲಿ. ವರ್ಷ ತುಂಬುವುದರೊಳಗೆ ಕಾಫಿಯ ಜೊತೆಗೆ ಇಂಟರ್‌ನೆಟ್ಟನ್ನೂ ಇಟ್ಟು ಯುವಕರನ್ನು ಕರೆದರು. ದರ್ಶಿನಿಯಲ್ಲಿ ನಿಂತು ಎರಡು ಗುಟುಕಿನಲ್ಲಿ ಕಾಫಿ ಮುಗಿಸುವ ಊರಿನಲ್ಲಿ ಅಷ್ಟು ದುಡ್ಡು ಕೊಟ್ಟು ಯಾರು ಕುಡಿಯುತ್ತಾರೆ ಎಂದು ನಕ್ಕವರಿದ್ದರು. ಆದರೆ ಯುವಕರು ಅಲ್ಲಿ ಕಾಫಿಯನ್ನು ಮಾತ್ರ ಕೊಳ್ಳುತ್ತಿರಲಿಲ್ಲ. ಕೂತು ಮಾತನಾಡಲು ಒಂದು ಜಾಗವನ್ನೂ ಕೊಳ್ಳುತ್ತಿದ್ದರು. ಗಿರಾಕಿಗೆ ನಿಜವಾಗಿ ಏನು ಬೇಕೆಂದು ಗುರುತಿಸುವುದು ಎರಡನೆಯ ಪಾಠ.

ಇಲ್ಲೊಂದು ಚಿಕ್ಕ ಲೆಕ್ಕ ಮಾಡಿ ನೋಡಿ. ಒಂದು ಕಿಲೋ ಕಾಫಿ ಪುಡಿಯಿಂದ ಸುಲಭವಾಗಿ ನೂರು ಕಪ್ ಕಾಫಿ ಮಾಡಬಹುದು. ನೂರು ಕಪ್ಪಿನ ಬೆಲೆಯನ್ನು ಹೋಟೆಲಿನಲ್ಲಿ ಕೇಳಿ ಬನ್ನಿ. ಅಪ್ಪ ಒಂದು ಕಿಲೋಗೆ ಪಡೆದ ಬೆಲೆಯನ್ನು ಪಕ್ಕದಲ್ಲಿ ಬರೆಯಿರಿ. ನಡುವಿನ ವ್ಯತ್ಯಾಸವೆಲ್ಲ ಲಾಭವಲ್ಲ; ಅದರಲ್ಲಿ ಹುರಿಯುವವರ, ಸಾಗಿಸುವವರ, ಅಂಗಡಿ ಬಾಡಿಗೆಯ, ಹಾಲಿನ, ಸಂಬಳದ ಪಾಲಿದೆ. ಆದರೂ ಬೆಳೆಯುವವನು ಮೂಟೆ ಕಟ್ಟುವಲ್ಲಿಗೇ ನಿಂತುಬಿಟ್ಟರೆ ಅವನಿಗೆ ದಕ್ಕುವುದು ಎಷ್ಟು ಸಣ್ಣ ತುಂಡು ಎಂಬುದು ಕಣ್ಣಿಗೆ ಹೊಡೆದಂತೆ ಕಾಣುತ್ತದೆ.

2019ರ ವೇಳೆಗೆ ಆ ಕೆಫೆಗಳ ಸಂಖ್ಯೆ 1,700 ದಾಟಿತ್ತು. ಮಲೆನಾಡಿನ ಎಷ್ಟೋ ಹುಡುಗ ಹುಡುಗಿಯರು ಚಿಕ್ಕಮಗಳೂರಿನಲ್ಲಿ ತರಬೇತಿ ಪಡೆದು, ದೂರದ ನಗರಗಳ ಕೆಫೆಗಳಲ್ಲಿ ನಿಂತು ಕೆಲಸ ಮಾಡಿದರು. ಒಬ್ಬ ಮುಂದಾಳು ತನ್ನ ಜೊತೆಗೆ ಊರಿನ ಮಕ್ಕಳನ್ನೂ ಮೇಲೆತ್ತಬಲ್ಲ ಎಂಬುದಕ್ಕೆ ಇದು ಸಾಕ್ಷಿ. ಇದನ್ನು ನಾವು ಮರೆಯಬಾರದು.

ಸನ್ನೆಕೋಲಿನ ಎರಡು ಮುಖ

ಹಾಗಾದರೆ ಎಲ್ಲಿ ತಪ್ಪಿತು? ನಾನು ವಿಜ್ಞಾನದ ಮೇಷ್ಟ್ರು. ನನಗೆ ತಿಳಿದ ರೀತಿಯಲ್ಲೇ ಹೇಳುತ್ತೇನೆ.

ತೋಟದಲ್ಲಿ ದೊಡ್ಡ ಬಂಡೆ ಎಬ್ಬಿಸಲು ಹಾರೆ ಹಾಕುತ್ತೇವೆ. ಹಾರೆ ಉದ್ದವಾದಷ್ಟೂ ಕಡಿಮೆ ಬಲದಿಂದ ಹೆಚ್ಚು ಭಾರ ಎತ್ತಬಹುದು. ಇದು ಸನ್ನೆಕೋಲಿನ ತತ್ತ್ವ. ಸಾಲವೂ ಸನ್ನೆಕೋಲೇ. ನಿಮ್ಮ ಬಳಿ ಒಂದು ಲಕ್ಷ ಇದೆ, ಒಂಬತ್ತು ಲಕ್ಷ ಸಾಲ ತಂದು ಹತ್ತು ಲಕ್ಷದ ಜಮೀನು ಕೊಂಡಿರಿ ಎನ್ನೋಣ. ಬೆಲೆ ನೂರಕ್ಕೆ ಹತ್ತು ಏರಿದರೆ ಒಂದು ಲಕ್ಷ ಲಾಭ. ಬಡ್ಡಿಯನ್ನು ಬದಿಗಿಟ್ಟರೆ ನಿಮ್ಮ ಹಣ ದುಪ್ಪಟ್ಟು! ಆದರೆ ಅದೇ ಬೆಲೆ ನೂರಕ್ಕೆ ಹತ್ತು ಇಳಿದರೆ? ನಿಮ್ಮ ಒಂದು ಲಕ್ಷ ಪೂರ್ತಿ ಹೋಯಿತು. ಒಂಬತ್ತು ಲಕ್ಷ ಸಾಲ ಹಾಗೇ ನಿಂತಿದೆ, ಬಡ್ಡಿ ಬೆಳೆಯುತ್ತಿದೆ. ಉದ್ದದ ಹಾರೆ ಕೈಜಾರಿದರೆ ತಿರುಗಿ ಹೊಡೆಯುವ ಪೆಟ್ಟೂ ದೊಡ್ಡದೇ.

2019ರ ಮಾರ್ಚ್ ಕೊನೆಗೆ ಕಾಫಿ ಡೇ ಸಮೂಹದ ಸಾಲ ಸುಮಾರು 7,200 ಕೋಟಿ ರೂಪಾಯಿ. ಕಾಫಿಯ ಜೊತೆಗೆ ತಂತ್ರಜ್ಞಾನ ಪಾರ್ಕು, ಸರಕು ಸಾಗಣೆ, ಹೋಟೆಲು, ಷೇರು ವ್ಯವಹಾರ ಎಂದು ಉದ್ಯಮ ಹರಡಿತ್ತು. ಆಸ್ತಿ ಇರಲಿಲ್ಲ ಎಂದಲ್ಲ. ಮೈಂಡ್‌ಟ್ರೀ ಕಂಪನಿಯಲ್ಲಿ ಅವರ ಮತ್ತು ಅವರ ಸಂಸ್ಥೆಗಳ ಪಾಲನ್ನು ಎಲ್ ಅಂಡ್ ಟಿ ಸಂಸ್ಥೆಗೆ ಸುಮಾರು 3,269 ಕೋಟಿಗೆ ಮಾರುವ ಒಪ್ಪಂದ ಅದೇ ಮಾರ್ಚ್ ತಿಂಗಳಲ್ಲಿ ಆಗಿತ್ತು. ಆಸ್ತಿ ಬೇರೆ, ಕೈಯಲ್ಲಿ ಓಡಾಡುವ ನಗದು ಬೇರೆ. ತೋಟದ ತುಂಬ ಹಸಿರು ಕಾಯಿ ಇದ್ದರೂ ಶನಿವಾರದ ಬಟವಾಡೆಗೆ ದುಡ್ಡಿಲ್ಲದೆ ಪರದಾಡಿದ ಬೆಳೆಗಾರನಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ.

ನಮ್ಮ ಮನೆಯ ಲೆಕ್ಕದ ಪುಸ್ತಕ

ದೊಡ್ಡವರ ಲೆಕ್ಕ ಹೇಳಿದ ಮೇಲೆ ನಮ್ಮ ಮನೆಯ ಲೆಕ್ಕವನ್ನೂ ಹೇಳದಿದ್ದರೆ ಸರಿಯಾಗದು.

ಕಳಸದ ಹತ್ತಿರ ನಮ್ಮ ತಂದೆಯವರಿಗೆ ಐದು ಎಕರೆ ತೋಟವಿತ್ತು. 1994ರ ಮಧ್ಯಭಾಗದಲ್ಲಿ ದೂರದ ಬ್ರೆಜಿಲ್ಲಿನಲ್ಲಿ ಎರಡು ಸಲ ಹಿಮ ಬಿದ್ದು ಕಾಫಿ ಗಿಡಗಳು ಸುಟ್ಟುಹೋದವು. ಅಲ್ಲಿನ ನಷ್ಟ ಇಲ್ಲಿನ ಲಾಭವಾಯಿತು. ನಮ್ಮ ಸೀಮೆಯಲ್ಲಿ ಹಿಂದೆ ಯಾರೂ ಕಾಣದ ಬೆಲೆ. ಹೊಸ ಜೀಪುಗಳು ಬಂದವು, ಹಂಚಿನ ಮನೆಗಳ ಜಾಗದಲ್ಲಿ ತಾರಸಿ ಮನೆಗಳು ಎದ್ದವು. ಅಪ್ಪಯ್ಯ ಜೀಪು ಕೊಳ್ಳಲಿಲ್ಲ. ಪಕ್ಕದ ಮೂರು ಎಕರೆ ಕೊಂಡರು. ಅರ್ಧ ಬ್ಯಾಂಕ್ ಸಾಲ, ಉಳಿದದ್ದು ಕೈಸಾಲ. ಜಮೀನೇ ಕೊಂಡಿದ್ದಾರೆ, ದುಂದು ಮಾಡಿಲ್ಲವಲ್ಲ ಎಂದು ನಾವೆಲ್ಲ ಮೆಚ್ಚಿಕೊಂಡೆವು. ಆಗಷ್ಟೇ ನೌಕರಿಗೆ ಸೇರಿದ್ದ ನಾನೂ ಮೆಚ್ಚಿದವರಲ್ಲಿ ಒಬ್ಬ.

ಕಾಫಿ ಗಿಡ ನೆಟ್ಟರೆ ಸರಿಯಾಗಿ ಫಸಲು ಬರಲು ಮೂರು ನಾಲ್ಕು ವರ್ಷ ಬೇಕು. ಬೆಲೆ ಏರಿದಾಗ ಅಪ್ಪಯ್ಯ ಒಬ್ಬರೇ ಗಿಡ ನೆಟ್ಟರೇ? ಇಲ್ಲ. ಬ್ರೆಜಿಲ್ಲಿನವರೂ ಮತ್ತೆ ನೆಟ್ಟರು, ವಿಯೆಟ್ನಾಮಿನವರು ಇನ್ನೂ ಹೆಚ್ಚು ನೆಟ್ಟರು. ಎಲ್ಲರ ಗಿಡವೂ ಒಟ್ಟಿಗೆ ಫಲ ಕೊಟ್ಟಾಗ ಏನಾಗಬೇಕೋ ಅದೇ ಆಯಿತು. 2001-02ರ ಹೊತ್ತಿಗೆ ಜಗತ್ತಿನಾದ್ಯಂತ ಕಾಫಿ ಬೆಲೆ ನೆಲ ಕಚ್ಚಿತು. ಹೊಸ ಮೂರು ಎಕರೆಯ ಅರೇಬಿಕಾಕ್ಕೆ ಕಾಂಡಕೊರಕ ಬೇರೆ ಬಿತ್ತು.

ಅಪ್ಪಯ್ಯ ಯಾರಿಗೂ ಒಂದು ಮಾತು ಹೇಳಲಿಲ್ಲ. ಹಬ್ಬಕ್ಕೆ ಊರಿಗೆ ಹೋದಾಗ ‘ತೋಟ ಹೇಗಿದೆ?’ ಎಂದರೆ ‘ನಡೀತಿದೆ’ ಎನ್ನುತ್ತಿದ್ದರು. ಊಟ ಕಡಿಮೆಯಾಗಿತ್ತು, ವಯಸ್ಸಾಯಿತು ಅಂದುಕೊಂಡೆ. ಒಂದು ದಿನ ಬ್ಯಾಂಕಿನ ನೋಟೀಸು ಬಂದಾಗ, ಅದನ್ನು ಓದಿ ಹೇಳಲು ಅಮ್ಮ ನನ್ನನ್ನು ಕರೆಸಿದರು. ಅಪ್ಪಯ್ಯನ ಲೆಕ್ಕದ ಪುಸ್ತಕ ತೆರೆದೆ. ಮುಂದಿನ ಪುಟಗಳಲ್ಲಿ ಕೂಲಿ, ಗೊಬ್ಬರ, ಔಷಧಿ ಎಲ್ಲವೂ ಮುತ್ತಿನಂಥ ಅಕ್ಷರದಲ್ಲಿ ಇತ್ತು. ಪುಸ್ತಕ ತಿರುಗಿಸಿ ಕೊನೆಯ ಪುಟ ನೋಡಿದರೆ, ಸೀಸದ ಕಡ್ಡಿಯಲ್ಲಿ ಸಣ್ಣದಾಗಿ ಬರೆದ ಕೈಸಾಲಗಳ ಪಟ್ಟಿ. ಬಡ್ಡಿ ಸೇರಿಸಿ ಕೂಡಿದೆ. ಬ್ಯಾಂಕಿನ ಸಾಲಕ್ಕಿಂತ ಅದೇ ದೊಡ್ಡದಿತ್ತು. ಅಮ್ಮನ ಬಳೆಗಳು ಯಾವಾಗ ಒತ್ತೆ ಹೋದವು ಎಂಬುದೂ ಅಲ್ಲೇ ಇತ್ತು.

‘ನನಗೆ ಯಾಕೆ ಹೇಳಲಿಲ್ಲ?’ ಎಂದು ಅಪ್ಪಯ್ಯನ ಮೇಲೆ ರೇಗಿದೆ. ಅವರು ಅಂಗಳ ನೋಡುತ್ತ ಕೂತಿದ್ದರು. ಉತ್ತರ ಕೊಟ್ಟದ್ದು ಅಮ್ಮ: ‘ಕೇಳಿದ್ರೆ ಹೇಳ್ತಿದ್ರೇನೋ. ಎಂಟು ವರ್ಷದಲ್ಲಿ ನೀನೂ ಒಂದು ದಿನ ಕೂತು ಕೇಳಲಿಲ್ಲವಲ್ಲ.’

ಶಾಲೆಯಲ್ಲಿ ಮಕ್ಕಳಿಗೆ ಲೆಕ್ಕ ಕಲಿಸುತ್ತಿದ್ದವನು ನಾನು. ಮನೆಯ ಲೆಕ್ಕ ಕೇಳಿರಲಿಲ್ಲ. ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಅಂದು ರಾತ್ರಿ ಮೂವರೂ ಕೂತು ಎಲ್ಲ ಸಾಲವನ್ನೂ ಒಂದೇ ಹಾಳೆಯ ಮೇಲೆ ಬರೆದೆವು. ಕೊಂಡ ಮೂರು ಎಕರೆಯನ್ನು ನಷ್ಟಕ್ಕೇ ಮಾರಿದೆವು. ಉಳಿದದ್ದಕ್ಕೆ ಬ್ಯಾಂಕಿನವರ ಜೊತೆ ಮಾತಾಡಿ ಕಂತು ಮಾಡಿಸಿಕೊಂಡೆವು. ಮರಗಳಿಗೆ ಹಬ್ಬಿಸಿದ್ದ ಕಾಳುಮೆಣಸು ಮನೆಯ ಖರ್ಚು ನೋಡಿಕೊಂಡಿತು. ಸಾಲ ಪೂರ್ತಿ ತೀರಲು ಆರು ವರ್ಷ ಹಿಡಿಯಿತು. ಆದರೆ ಹಾಳೆಯ ಮೇಲೆ ಬರೆದ ಮರುದಿನ ಬೆಳಿಗ್ಗೆಯೇ ಅಪ್ಪಯ್ಯ ಹೇಳಿದ್ದರು: ‘ನಿನ್ನೆ ನಿದ್ದೆ ಬಂತು ಮಾರಾಯ.’

ಗುಟ್ಟಿನ ಭಾರ

ಸಿದ್ಧಾರ್ಥ ಅವರ ಹೆಸರಿನಲ್ಲಿ ಬೆಳಕಿಗೆ ಬಂದ ಕೊನೆಯ ಪತ್ರದಲ್ಲಿ, ತಮ್ಮ ವ್ಯವಹಾರಗಳೆಲ್ಲ ಸಂಸ್ಥೆಯ ಹಿರಿಯ ಅಧಿಕಾರಿಗಳಿಗಾಗಲಿ ಲೆಕ್ಕ ಪರಿಶೋಧಕರಿಗಾಗಲಿ ತಿಳಿದಿರಲಿಲ್ಲ, ಮನೆಯವರಿಂದಲೂ ಮುಚ್ಚಿಟ್ಟಿದ್ದೆ ಎಂಬ ಅರ್ಥದ ಮಾತಿದೆ. ಕಂಪನಿಯೇ ನೇಮಿಸಿದ ತನಿಖೆಯ ವರದಿ 2020ರ ಜುಲೈನಲ್ಲಿ ಹೊರಬಂತು. ಅವರ ಖಾಸಗಿ ಸಂಸ್ಥೆಯೊಂದರಿಂದ ಸಮೂಹದ ಕಂಪನಿಗಳಿಗೆ 2,693 ಕೋಟಿ ರೂಪಾಯಿ ಬರಬೇಕಾಗಿದೆ ಎಂದು ಅದು ಹೇಳಿತು. ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ ಇದೇ ಹಣ ವರ್ಗಾವಣೆಯ ವಿಷಯವಾಗಿ 2023ರ ಜನವರಿಯಲ್ಲಿ ಕಂಪನಿಗೆ 26 ಕೋಟಿ ದಂಡ ವಿಧಿಸಿತು.

ತೀರ್ಪು ಹೇಳಲು ನಾನು ಯಾರೂ ಅಲ್ಲ. ಒಬ್ಬ ಮನುಷ್ಯನ ಸಾವಿಗೆ ಇದೊಂದೇ ಕಾರಣ ಎಂದು ಹೊರಗಿನವರು ಹೇಳಲೂಬಾರದು. ಆದರೆ ಕೊನೆಯ ಪುಟದಲ್ಲಿ ಗುಟ್ಟಾಗಿ ಬರೆದ ಲೆಕ್ಕ ಎಷ್ಟು ಭಾರವಾಗುತ್ತದೆ ಎಂಬುದನ್ನು ನಾನು ನಮ್ಮ ಮನೆಯಲ್ಲೇ ಕಂಡಿದ್ದೇನೆ. ಐದು ಎಕರೆಯವನಿಗೂ ಸಾವಿರಾರು ಕೋಟಿಯವನಿಗೂ ಅದು ಒಂದೇ. ಮುಂದಾಳು ಎಂದರೆ ಎಲ್ಲ ಭಾರವನ್ನೂ ಒಬ್ಬನೇ ಹೊರುವವನು ಎಂದು ನಾವು ತಿಳಿದಿದ್ದೇವೆ. ಹಾಗಲ್ಲ. ಕೆಟ್ಟ ಸುದ್ದಿಯನ್ನು ಮೊದಲು ತಾನೇ ಹೇಳುವ ಧೈರ್ಯವಿರುವವನು, ‘ಇದು ಸರಿಯಿಲ್ಲ’ ಎಂದು ತನಗೇ ಹೇಳಬಲ್ಲವರನ್ನು ಹತ್ತಿರ ಇಟ್ಟುಕೊಂಡವನು ಮುಂದಾಳು.

ಕಸಿ ಮಾಡುವ ಧೈರ್ಯ

ಕೊಯ್ಲು ಮುಗಿದ ಮೇಲೆ ತೋಟದಲ್ಲಿ ಕಸಿ ಮಾಡುತ್ತೇವೆ. ಒಣಗಿದ ರೆಕ್ಕೆ ಮಾತ್ರವಲ್ಲ, ಬೇಡದ ಹಸಿರು ರೆಕ್ಕೆಯನ್ನೂ ಕತ್ತರಿಸುತ್ತೇವೆ. ಹೊಸಬರಿಗೆ ಹೊಟ್ಟೆ ಉರಿಯುತ್ತದೆ. ಆದರೆ ಗಿಡದ ಬೇರಿಗೆ ಸಾಕುವಷ್ಟು ಶಕ್ತಿ ಎಷ್ಟಿದೆಯೋ ಅಷ್ಟೇ ರೆಕ್ಕೆ ಉಳಿಸಬೇಕು.

2020ರ ಡಿಸೆಂಬರಿನಲ್ಲಿ ಸಿದ್ಧಾರ್ಥ ಅವರ ಪತ್ನಿ ಮಾಳವಿಕಾ ಹೆಗ್ಡೆ ಅವರು ಕಾಫಿ ಡೇ ಎಂಟರ್‌ಪ್ರೈಸಸ್‌ನ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯಾದರು. ಪತಿಯನ್ನು ಕಳೆದುಕೊಂಡ ದುಃಖ ಒಂದು ಕಡೆ, ಕೋವಿಡ್‌ನಿಂದ ಮುಚ್ಚಿದ ಅಂಗಡಿಗಳು ಇನ್ನೊಂದು ಕಡೆ. ಅವರು ಬರುವ ಮುಂಚೆಯೇ ಬೆಂಗಳೂರಿನ ಗ್ಲೋಬಲ್ ವಿಲೇಜ್ ತಂತ್ರಜ್ಞಾನ ಪಾರ್ಕನ್ನು ಸುಮಾರು 2,700 ಕೋಟಿಗೆ ಮಾರುವ ತೀರ್ಮಾನವಾಗಿತ್ತು. ನಷ್ಟದ ಕೆಫೆಗಳನ್ನು ಮುಚ್ಚುತ್ತ ಬಂದರು. ಸಾವಿರದ ಏಳುನೂರಿದ್ದ ಸಂಖ್ಯೆ ಐನೂರರ ಆಸುಪಾಸಿಗೆ ಇಳಿಯಿತು. 2021ರ ಮಾರ್ಚ್ ವೇಳೆಗೆ ಸಾಲ ಎರಡು ಸಾವಿರ ಕೋಟಿಗಿಂತ ಕೆಳಗೆ ಬಂತು. ಆಮೇಲೂ ಸಾಲ ಕೊಟ್ಟವರ ದಾವೆಗಳು ಅವರನ್ನು ಬಿಡಲಿಲ್ಲ. ಎಲ್ಲ ಸುಖಾಂತವಾಯಿತು ಎಂದು ನಾನು ಹೇಳುತ್ತಿಲ್ಲ. ಆದರೆ ಸೋತ ಉದ್ಯಮ ಎಂದರೆ ಸತ್ತ ಉದ್ಯಮವಲ್ಲ. ಮಾರಿ, ಕತ್ತರಿಸಿ, ಚಿಕ್ಕದಾಗಿ, ಮತ್ತೆ ಚಿಗುರಬಹುದು ಎಂಬುದನ್ನು ಅವರು ತೋರಿಸಿದರು.

ಹೂಮಳೆ ಬಂದಿದೆ, ಎಚ್ಚರ

ಈ ಮಾತು ಈಗೇಕೆ? 2024-25ರ ಹಂಗಾಮಿನಲ್ಲಿ ಕಾಫಿಗೆ ಚರಿತ್ರೆಯಲ್ಲೇ ಕಾಣದ ಬೆಲೆ ಬಂತು. ಈ ಸಲವೂ ಕಾರಣ ದೂರದ್ದೇ: ಬ್ರೆಜಿಲ್ ಮತ್ತು ವಿಯೆಟ್ನಾಮಿನ ಬರ. ಮತ್ತೆ ಜಮೀನಿನ ಬೆಲೆ ಏರಿತು, ಮತ್ತೆ ಹೊಸ ಗಾಡಿಗಳು ಬಂದವು. ನನಗೆ 1994 ನೆನಪಾಗುತ್ತದೆ.

ಮಾರ್ಚ್ ತಿಂಗಳಲ್ಲಿ ಹೂಮಳೆ ಬಂದಾಗ ನಾವೆಲ್ಲ ಒಬ್ಬರನ್ನೊಬ್ಬರು ‘ನಿಮ್ಮಲ್ಲಿ ಎಷ್ಟು ಸೆಂಟ್ಸ್ ಆಯ್ತು?’ ಎಂದು ಕೇಳುತ್ತೇವೆ. ಒಂದು ಇಂಚು ದಾಟಿದರೆ ಸಂತೋಷ. ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ. ಆದರೆ ಹೂ ನೋಡಿ ಯಾವ ಅನುಭವಸ್ಥ ಬೆಳೆಗಾರನೂ ಮೂಟೆ ಎಣಿಸುವುದಿಲ್ಲ. ಹಿಂದೆಯೇ ಇನ್ನೊಂದು ಮಳೆ ಬರಬೇಕು, ಜುಲೈನಲ್ಲಿ ಕಾಯಿ ಉದುರದೆ ನಿಲ್ಲಬೇಕು, ಕೊಯ್ಲಿನಲ್ಲಿ ಬಿಸಿಲಿರಬೇಕು. ಒಳ್ಳೆಯ ಬೆಲೆಯೂ ಹೂವಿನಂತೆಯೇ. ನೋಡಿ ಸಂತೋಷಪಡಿ, ಅದನ್ನು ನಂಬಿ ಹತ್ತು ವರ್ಷದ ಸಾಲ ಮಾಡಬೇಡಿ. ಮೊದಲು ಹಳೆಯ ಸಾಲ ತೀರಲಿ, ಆಮೇಲೆ ಒಂದು ವರ್ಷದ ತೋಟದ ಖರ್ಚು ಬದಿಗಿರಲಿ. ಹೊಸ ಜಮೀನು ಅದರ ಮೇಲಿನ ಮಾತು.

ಪೋಷಕರಲ್ಲಿ ಒಂದು ವಿನಂತಿ. ವರ್ಷಕ್ಕೊಮ್ಮೆ, ಕಾಫಿ ಮಾರಿದ ಮೇಲೆ, ಮಕ್ಕಳನ್ನು ಕೂರಿಸಿಕೊಂಡು ಮನೆಯ ಲೆಕ್ಕ ಹೇಳಿ. ಎಷ್ಟು ಬಂತು, ಎಷ್ಟು ಹೋಯಿತು, ಎಷ್ಟು ಸಾಲ ಇದೆ. ಮಕ್ಕಳು ಹೆದರುತ್ತಾರೆ ಎಂದು ಮುಚ್ಚಿಡಬೇಡಿ. ಅರ್ಧ ಕೇಳಿಸಿಕೊಂಡ ಮಕ್ಕಳೇ ಹೆಚ್ಚು ಹೆದರುವುದು. ವಿದ್ಯಾರ್ಥಿಗಳಿಗೆ ಹೇಳುವುದಿಷ್ಟೇ: ಈ ರಜೆಯಲ್ಲಿ ರೈಟರ ಜೊತೆ ಒಂದು ವಾರ ಹಾಜರಿ ಪುಸ್ತಕ ಬರೆಯಿರಿ, ಕೂಲಿಯವರ ಜೊತೆ ಒಂದು ದಿನ ಹಣ್ಣು ಕೊಯ್ದು ತೂಕ ಹಾಕಿಸಿ, ಕ್ಯೂರಿಂಗ್ ವರ್ಕ್ಸಿಗೆ ಹೋಗಿ ಔಟ್‌ಟರ್ನ್ ಹೇಗೆ ತೆಗೆಯುತ್ತಾರೆಂದು ನೋಡಿ. ಮುಂದಾಳತ್ವದ ಯಾವ ಪುಸ್ತಕವೂ ಇಷ್ಟನ್ನು ಕಲಿಸಲಾರದು. ಮನೆಯಲ್ಲಿ ಯಾರಾದರೂ ಮಾತು ಬಿಟ್ಟು, ಊಟ ಬಿಟ್ಟು, ಒಬ್ಬರೇ ಕೂರುತ್ತಿದ್ದರೆ ಪಕ್ಕದಲ್ಲಿ ಕೂತು ಕೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಹಾಗೆ ಕೇಳುವುದು ಹೇಡಿತನವಲ್ಲ.

ಅಂದು ಪ್ರಶ್ನೆ ಕೇಳಿದ ಹುಡುಗ ಈಗ ಬಿ.ಕಾಂ. ಮುಗಿಸಿದ್ದಾನೆ. ಕಳೆದ ಸಂಕ್ರಾಂತಿಯ ಹೊತ್ತಿಗೆ ಪೇಟೆಯಲ್ಲಿ ಸಿಕ್ಕಿದ್ದ. ಒಂದು ಕೈಯಲ್ಲಿ ಗೊಬ್ಬರದ ರಸೀದಿ, ಇನ್ನೊಂದರಲ್ಲಿ ಹೊಸ ಲೆಕ್ಕದ ಪುಸ್ತಕ. ‘ಈಗ ತೋಟದ ಲೆಕ್ಕ ನಾನೇ ಬರೆಯೋದು ಸಾರ್’ ಎಂದ. ಅಪ್ಪ ಹೇಗಿದ್ದಾರೆ ಎಂದು ಕೇಳಿದೆ.

‘ಚೆನ್ನಾಗಿದಾರೆ ಸಾರ್. ಸಾಲ ಇನ್ನೂ ಸ್ವಲ್ಪ ಇದೆ. ಎಷ್ಟು ಅಂತ ಮನೇಲಿ ಎಲ್ರಿಗೂ ಗೊತ್ತು’ ಎಂದು ನಕ್ಕ.